ಮೂರು ಪ್ರಶ್ನೆ, ಮೂರು ನಿಮಿಷ, ಮೂರು ತಾಸು: ಎಚ್‌ಐವಿ ಇರುವವರ ಮರೆವಿಗೆ ಯಾವ ಟೆಸ್ಟ್?

ಒಂದೇ ವಾರದಲ್ಲಿ ಎರಡು ಮೆಸೇಜ್ ಬಂದವು. ಪ್ರಶ್ನೆ ಒಂದೇ, ಕೇಳಿದವರು ಮೇಜಿನ ಎರಡು ಬದಿಯವರು.

ಮೊದಲನೆಯದು ಉತ್ತರ ಕರ್ನಾಟಕದ ಒಂದು ಎ.ಆರ್.ಟಿ. ಸೆಂಟರ್‌ನ, ಅಂದರೆ ಎಚ್‌ಐವಿ ಇರುವವರಿಗೆ ಮಾತ್ರೆ ಕೊಡುವ ಕೇಂದ್ರದ, ಕೌನ್ಸೆಲರ್‌ದು. "ಮೇಡಂ, ಗುಳಿಗಿ ತಗೊಳ್ಳೋದು ಮರತೆ ಅನ್ನೋರು ಜಾಸ್ತಿ ಆಗ್ಯಾರ. ನೆನಪಿನ ಟೆಸ್ಟ್ ಮಾಡೋಣ ಅಂತ ಡಾಕ್ಟರ್ ಅಂದ್ರು. ಹುಡುಕಿದ್ರ ಹತ್ತಾರು ಟೆಸ್ಟ್ ಅದಾವ. ಯಾವುದು ಹಿಡೀಲಿ?" ಎರಡನೆಯದು ಹದಿನಾಲ್ಕು ವರ್ಷದಿಂದ ಮಾತ್ರೆ ನುಂಗುತ್ತಿರುವ ಒಬ್ಬ ಅಂಗಡಿ ಮಾಲೀಕರದು. ವಯಸ್ಸು 47. ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಲೆಕ್ಕ, ಲ್ಯಾಬಿಗೆ ಸಿಗದಷ್ಟು ಕಡಿಮೆ. "ಅಕ್ಕಾ, ಲೆಕ್ಕಕ್ಕೆ ಮೊದಲಿನಷ್ಟು ತಲೆ ಓಡ್ತಿಲ್ಲ. ಇದು ವಯಸ್ಸೋ ವೈರಸ್ಸೋ? ಯಾವ ಟೆಸ್ಟ್ ಮಾಡಿಸ್ಲಿ?"

ನಾನು ಡಾಕ್ಟರಲ್ಲ. ಸೈಕಾಲಜಿ ಓದಿ ಒಂಬತ್ತು ವರ್ಷ ಎ.ಆರ್.ಟಿ. ಸೆಂಟರ್‌ನಲ್ಲಿ ಕೌನ್ಸೆಲರ್ ಆಗಿದ್ದವಳು. ಕೆಳಗೆ ಹೇಳುವ ಟೆಸ್ಟ್‌ಗಳಲ್ಲಿ ಹೆಚ್ಚಿನವನ್ನು ಕೈಯಾರೆ ಮಾಡಿದ್ದೇನೆ, ಕೆಲವನ್ನು ತಪ್ಪಾಗಿಯೂ ಮಾಡಿದ್ದೇನೆ. ಇಬ್ಬರಿಗೂ ಸೇರಿಸಿ ಉತ್ತರ ಬರೆಯುತ್ತಿದ್ದೇನೆ.

ಏನನ್ನು ಹುಡುಕುತ್ತಿದ್ದೇವೆ?

ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲೇ ಎಚ್‌ಐವಿ ಮೆದುಳಿಗೂ ಹೋಗುತ್ತದೆ. ಅದು ನರಕೋಶಗಳ ಮೇಲೆ ನೇರವಾಗಿ ಬೀಳುವುದಿಲ್ಲ. ರಕ್ತದ ಬಿಳಿ ಕಣಗಳ ಬೆನ್ನೇರಿ ಒಳಗೆ ಸೇರಿ, ಮೆದುಳಿನ ಕಾವಲು ಕೋಶಗಳಲ್ಲಿ ಮನೆ ಮಾಡಿಕೊಂಡು, ಸುತ್ತ ಉರಿಯೂತ ಎಬ್ಬಿಸುತ್ತದೆ. ಪೆಟ್ಟು ಹೆಚ್ಚಾಗಿ ಮೆದುಳಿನ ಆಳದ ಭಾಗಗಳಿಗೆ.

ಹಾಗಾಗಿ ಈ ಮರೆವು ಅಜ್ಜಿಯರಲ್ಲಿ ನೋಡುವ ಆಲ್ಜೈಮರ್ ಮರೆವಿನ ಹಾಗಿರುವುದಿಲ್ಲ. ಆಲ್ಜೈಮರ್‌ನಲ್ಲಿ ಹೊಸ ವಿಷಯ ತಲೆಯಲ್ಲಿ ನಿಲ್ಲುವುದೇ ಇಲ್ಲ, ಸುಳಿವು ಕೊಟ್ಟರೂ ಬರುವುದಿಲ್ಲ. ಎಚ್‌ಐವಿಯಲ್ಲಿ ಸಾಮಾನ್ಯವಾಗಿ ವಿಷಯ ಒಳಗಿರುತ್ತದೆ, ಹುಡುಕಿ ತೆಗೆಯುವುದು ತಡ. ಸುಳಿವು ಕೊಟ್ಟರೆ "ಹಾಂ, ಅದೇ" ಎನ್ನುತ್ತಾರೆ. ಕೈ ನಿಧಾನ, ಯೋಚನೆ ನಿಧಾನ. ಗಿರಾಕಿ ಜೊತೆ ಮಾತಾಡುತ್ತಾ ಚಿಲ್ಲರೆ ಎಣಿಸೋದು ಕಷ್ಟ. ಈ 'ನಿಧಾನ' ಅನ್ನುವ ಪದ ನೆನಪಿಟ್ಟುಕೊಳ್ಳಿ. ಟೆಸ್ಟ್ ಆರಿಸುವಾಗ ಅರ್ಧ ಜಗಳ ಅಲ್ಲೇ ತೀರುತ್ತದೆ.

ಹೆದರಬೇಡಿ ಅನ್ನುವುದಕ್ಕೆ ಒಂದು ಲೆಕ್ಕ ಕೊಡುತ್ತೇನೆ. ಅಮೆರಿಕದಲ್ಲಿ 1,555 ಜನರನ್ನು ಪೂರ್ತಿ ಪರೀಕ್ಷೆ ಮಾಡಿದ ಚಾರ್ಟರ್ ಅಧ್ಯಯನ 2010ರಲ್ಲಿ ಬಂತು. ಸುಮಾರು ಅರ್ಧದಷ್ಟು ಜನರ ಅಂಕ ಕಡಿಮೆ ಇತ್ತು. ಆದರೆ ಡಿಮೆನ್ಶಿಯಾ (ದಿನದ ಬದುಕೇ ನಡೆಯದಷ್ಟು ಮರೆವು) ಎಂದು ಹೇಳುವಷ್ಟು ಕುಂದಿದವರು ನೂರಕ್ಕೆ ಇಬ್ಬರು ಮಾತ್ರ. ಮೂರನೇ ಒಂದು ಭಾಗದವರಿಗೆ ಅಂಕ ಕಡಿಮೆಯಾಗಿದ್ದರೂ ದಿನದ ಬದುಕಿನಲ್ಲಿ ಯಾವ ತೊಂದರೆಯೂ ಇರಲಿಲ್ಲ.

ನಮ್ಮ ಕಡೆ ಇನ್ನೊಂದು ಮಾತು ಓಡಾಡುತ್ತದೆ: ಭಾರತದ ವೈರಸ್ ಮೆದುಳಿಗೆ ಅಷ್ಟು ಕೆಟ್ಟದ್ದಲ್ಲ ಅಂತ. ಸುಮ್ನೆ ಹುಟ್ಟಿದ ಮಾತಲ್ಲ ಅದು. ಇಲ್ಲಿ ಹೆಚ್ಚಾಗಿ ಇರುವುದು 'ಸಿ' ತಳಿ. ಅದರ ಟ್ಯಾಟ್ ಅನ್ನುವ ಪ್ರೋಟೀನಿನಲ್ಲಿ ಒಂದು ಸಣ್ಣ ಬದಲಾವಣೆ ಇದೆ, ಅದರಿಂದ ಬಿಳಿ ಕಣಗಳನ್ನು ಸೆಳೆಯುವ ಶಕ್ತಿ ಕುಗ್ಗಿದೆ ಎಂದು ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ ವಿಜ್ಞಾನಿಗಳು 2004ರಲ್ಲಿ ತೋರಿಸಿದರು. ಆದರೆ ಪುಣೆ, ಚೆನ್ನೈಗಳಲ್ಲಿ ಸೂಕ್ಷ್ಮವಾಗಿ ಪರೀಕ್ಷೆ ಮಾಡಿದಾಗ ಸಣ್ಣ ಮಟ್ಟದ ಕುಂದು ಕಂಡೇ ಕಂಡಿತು. ಹಾಗಾಗಿ "ನಮಗೆ ಬರಲ್ಲ ಬಿಡಿ" ಅನ್ನುವ ಹಾಗಿಲ್ಲ.

ಯಾವ ಅಳತೆಗೋಲಿನಿಂದ ಅಳೆಯಬೇಕು?

ಸ್ಕ್ರೀನಿಂಗ್ ಅಂದರೆ ಜರಡಿ ಹಿಡಿಯುವುದು. ಇದು ರೋಗದ ಹೆಸರು ಹೇಳುವುದಿಲ್ಲ. "ಇವರನ್ನು ಇನ್ನಷ್ಟು ನೋಡಬೇಕಾ?" ಅನ್ನುವುದಕ್ಕೆ ಮಾತ್ರ ಉತ್ತರ ಕೊಡುತ್ತದೆ. ಜರಡಿ ಕೊಳ್ಳುವಾಗ ನಾನು ನೋಡುವುದು ಇಷ್ಟು.

ಮೊದಲನೆಯದು ಓದು. ಶಾಲೆ ಮೆಟ್ಟಿಲು ಹತ್ತದ ಕೂಲಿ ಹೆಂಗಸಿಗೂ ಎಂಜಿನಿಯರ್‌ಗೂ ಒಂದೇ ಕಾಗದ ಕೊಟ್ಟರೆ, ಅಳೆಯುವುದು ಮೆದುಳನ್ನಲ್ಲ, ಶಾಲೆಯನ್ನು. ಎರಡನೆಯದು, ವೇಗವನ್ನು ಅದು ಅಳೆಯುತ್ತದಾ? ಮೂರನೆಯದು ಸಮಯ: ಬೆಳಗ್ಗೆ ನೂರು ಜನ ಕ್ಯೂ ನಿಂತ ಸೆಂಟರ್‌ನಲ್ಲಿ ಒಬ್ಬೊಬ್ಬರಿಗೆ ಹದಿನೈದು ನಿಮಿಷ ಎಲ್ಲಿಂದ ತರೋದು? ನಾಲ್ಕನೆಯದು ದುಡ್ಡು ಮತ್ತು ಅನುಮತಿ, ಯಾಕೆಂದರೆ ಹೆಸರಾದ ಕೆಲವು ಟೆಸ್ಟ್‌ಗಳು ಉಚಿತವಲ್ಲ. ಐದನೆಯದು ಗುಟ್ಟು. ಕೆಲವು ವಿಧಾನಗಳಿಗೆ ಮನೆಯವರ ಮಾತು ಬೇಕು. ಮನೆಯವರಿಗೆ ಎಚ್‌ಐವಿ ವಿಷಯವೇ ಗೊತ್ತಿಲ್ಲದಿದ್ದರೆ?

ಕೊನೆಯದನ್ನು ಜನ ಕೇಳುವುದೇ ಇಲ್ಲ, ನನಗೆ ಅದೇ ಮೊದಲನೆಯದು: ಅಂಕ ಕಡಿಮೆ ಬಂದರೆ ನಾಳೆ ಏನು ಮಾಡುತ್ತೀರಿ? ಉತ್ತರ ಇಲ್ಲದಿದ್ದರೆ ಟೆಸ್ಟ್ ಬೇಡ. "ನಿಮಗೆ 12ಕ್ಕೆ 8 ಬಂತು" ಎಂದು ಹೇಳಿ ಕಳಿಸಿದರೆ ಆ ಮನುಷ್ಯ ಬಸ್ಸಿನಲ್ಲಿ ಕೂತು ಊರು ಸೇರುವವರೆಗೆ ಏನು ಯೋಚಿಸಬಹುದು, ಹೇಳಿ.

ಟೆಸ್ಟ್ ಬೇಡವೇ ಬೇಡ ಅನ್ನುವ ಸಂದರ್ಭ

ನಾಲ್ಕೈದು ದಿನದಲ್ಲಿ ದಿಢೀರ್ ಗಲಿಬಿಲಿ, ಜ್ವರ, ಬಿಡದ ತಲೆನೋವು, ಫಿಟ್ಸ್, ಒಂದು ಬದಿ ಕೈಕಾಲು ಬಲ ಕಡಿಮೆ, ಎರಡೆರಡು ಕಾಣುವುದು. ಇವುಗಳಲ್ಲಿ ಒಂದಿದ್ದರೂ ಕಾಗದ ಪೆನ್ಸಿಲ್ ಬದಿಗಿಟ್ಟು ಆಸ್ಪತ್ರೆಗೆ ಓಡಿ. ಸಿಡಿ4, ಅಂದರೆ ರೋಗ ತಡೆಯುವ ಬಿಳಿ ಕಣಗಳ ಲೆಕ್ಕ, 200ಕ್ಕಿಂತ ಕೆಳಗಿದ್ದರಂತೂ ಇನ್ನೂ ಬೇಗ. ಟಿಬಿ ಮೆನಿಂಜೈಟಿಸ್, ಕ್ರಿಪ್ಟೋಕಾಕಲ್ ಮೆನಿಂಜೈಟಿಸ್, ಟಾಕ್ಸೋಪ್ಲಾಸ್ಮಾ ಇಂಥ ಮೆದುಳಿನ ಸೋಂಕುಗಳು ಹೊಂಚು ಹಾಕಿರುತ್ತವೆ. ಅಲ್ಲಿ ಒಂದು ದಿನ ತಡವಾದರೂ ತಡವೇ.

ಹಾಗೆಯೇ, ರಿಪೋರ್ಟ್ ಪಾಸಿಟಿವ್ ಎಂದು ಗೊತ್ತಾದ ವಾರದಲ್ಲಿ ಮರೆವಿನ ಟೆಸ್ಟ್ ಮಾಡುವುದು ಅನ್ಯಾಯ. ಆ ವಾರ ಯಾರ ತಲೆಯೂ ನೆಟ್ಟಗಿರುವುದಿಲ್ಲ.

ಮೂರು ಪ್ರಶ್ನೆ

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಸ್ವಿಟ್ಜರ್‌ಲ್ಯಾಂಡಿನ ಸಂಶೋಧಕರು ಬಳಸಿದ, ಯುರೋಪಿನ ಏಡ್ಸ್ ವೈದ್ಯರ ಮಾರ್ಗಸೂಚಿಯಲ್ಲಿ ಜಾಗ ಪಡೆದ ಮೂರು ಪ್ರಶ್ನೆಗಳು. ನಮ್ಮ ಮಾತಿನಲ್ಲಿ ಹೀಗೆ ಕೇಳಬಹುದು: ಇತ್ತೀಚಿನ ವಿಷಯ, ಹೋಗಬೇಕಿದ್ದ ಕಡೆ, ಇಂಥವನ್ನು ಪದೇ ಪದೇ ಮರೆಯುತ್ತೀರಾ? ಯೋಚನೆ ಮಾಡಲು, ಕೆಲಸ ಹೊಂದಿಸಿಕೊಳ್ಳಲು, ತೊಡಕು ಬಿಡಿಸಲು ಮೊದಲಿಗಿಂತ ನಿಧಾನ ಅನ್ನಿಸುತ್ತದಾ? ಮಾತು ಕೇಳುವಾಗ, ಓದುವಾಗ, ಸಿನಿಮಾ ನೋಡುವಾಗ ಗಮನ ತಪ್ಪುತ್ತದಾ? ಒಂದಕ್ಕಾದರೂ "ಹೌದು, ಖಂಡಿತ" ಎಂದರೆ ಮುಂದಿನ ಹೆಜ್ಜೆ.

ಓದು ಬೇಡ, ದುಡ್ಡು ಬೇಡ, ಎರಡು ನಿಮಿಷ ಸಾಕು. ತೊಂದರೆ ಏನೆಂದರೆ, ಜನರ ದೂರಿಗೂ ಮೆದುಳಿನ ಸ್ಥಿತಿಗೂ ಅಷ್ಟು ಹೊಂದಿಕೆ ಇಲ್ಲ. ಆ ಸ್ವಿಸ್ ಅಧ್ಯಯನದಲ್ಲೇ, ದೂರು ಹೇಳಿದವರಲ್ಲಿ ನೂರಕ್ಕೆ 84 ಜನರಿಗೆ ಪೂರ್ತಿ ಪರೀಕ್ಷೆಯಲ್ಲಿ ಕುಂದು ಸಿಕ್ಕಿತು. ಯಾವ ದೂರೂ ಇಲ್ಲ ಎಂದವರಲ್ಲೂ 64 ಜನರಿಗೆ ಸಿಕ್ಕಿತು! ಇನ್ನೊಂದು ಕಡೆ, ಮನಸ್ಸು ಕುಗ್ಗಿದವರು ಮೂರಕ್ಕೂ ಹೌದು ಎನ್ನುತ್ತಾರೆ. ಹಾಗಾಗಿ ಇದು ಟೆಸ್ಟ್ ಅಲ್ಲ, ಮಾತು ಶುರು ಮಾಡುವ ಬಾಗಿಲು. ಆ ಮಟ್ಟಿಗೆ ಬಹಳ ಒಳ್ಳೆಯ ಬಾಗಿಲು.

ಮೂರು ನಿಮಿಷದ ಟೆಸ್ಟ್: ಐಎಚ್‌ಡಿಎಸ್

ಪೂರ್ತಿ ಹೆಸರು ಇಂಟರ್‌ನ್ಯಾಷನಲ್ ಎಚ್‌ಐವಿ ಡಿಮೆನ್ಶಿಯಾ ಸ್ಕೇಲ್. 2005ರಲ್ಲಿ ಬಂತು. ಅಮೆರಿಕದ ಬಾಲ್ಟಿಮೋರ್ ಮತ್ತು ಉಗಾಂಡದ ಕಂಪಾಲಾ, ಎರಡೂ ಕಡೆ ಪರೀಕ್ಷಿಸಿ ಮಾಡಿದ್ದು. ನಮ್ಮಂಥ ಸೆಂಟರ್‌ಗಳಿಗೆ ಇದು ಯಾಕೆ ಹತ್ತಿರ ಅಂದರೆ, ಇದರಲ್ಲಿ ಓದುವುದು ಬರೆಯುವುದು ಏನೂ ಇಲ್ಲ. ಮೇಜು, ಸ್ಟಾಪ್‌ವಾಚ್, ಕೈ. ಅಷ್ಟೇ.

ಶುರುವಿನಲ್ಲಿ ನಾಲ್ಕು ಪದ ಹೇಳಿಕೊಡುತ್ತೀರಿ. ಆಮೇಲೆ, ಸಾಮಾನ್ಯವಾಗಿ ಬಳಸದ ಕೈಯ ಹೆಬ್ಬೆರಳು ತೋರುಬೆರಳನ್ನು ಅಗಲ ತೆರೆದು, ಬೇಗ ಬೇಗ ತಟ್ಟಿಸುತ್ತೀರಿ. 5 ಸೆಕೆಂಡಿನಲ್ಲಿ 15 ಸಲ ತಟ್ಟಿದರೆ 4 ಅಂಕ, 11ರಿಂದ 14 ಆದರೆ 3, ಹೀಗೆ ಇಳಿಯುತ್ತದೆ. ಮುಂದಿನದು ಕೈ ಆಟ: ಮೇಜಿನ ಮೇಲೆ ಮುಷ್ಟಿ, ಆಮೇಲೆ ಅಂಗೈ ಚಪ್ಪಟೆ, ಆಮೇಲೆ ಕಿರುಬೆರಳ ಬದಿ ಊರಿ ಕೈ ನೆಟ್ಟಗೆ. 10 ಸೆಕೆಂಡಿನಲ್ಲಿ ನಾಲ್ಕು ಸುತ್ತು ಸರಿಯಾಗಿ ಮುಗಿಸಿದರೆ 4 ಅಂಕ. ನಾನು ಮೊದಲ ಸಲ ಮಾಡಿದಾಗ ಎರಡನೇ ಸುತ್ತಿಗೇ ಎಡವಿದೆ, ಪಕ್ಕದ ನರ್ಸ್ ಸಿಸ್ಟರ್ ನಕ್ಕರು. ಕೊನೆಗೆ ಆ ನಾಲ್ಕು ಪದ ಕೇಳುತ್ತೀರಿ. ತಾನಾಗಿ ಹೇಳಿದ್ದಕ್ಕೆ ತಲಾ 1, ಸುಳಿವು ಕೊಟ್ಟ ಮೇಲೆ ಹೇಳಿದ್ದಕ್ಕೆ ಅರ್ಧ. ಆ ಅರ್ಧ ಅಂಕದಲ್ಲೇ ಈ ಟೆಸ್ಟಿನ ಜಾಣತನ ಇದೆ. ಮೇಲೆ ಹೇಳಿದೆನಲ್ಲ, ವಿಷಯ ಒಳಗಿದೆ, ತೆಗೆಯುವುದು ತಡ ಅಂತ. ಒಟ್ಟು 12. 10 ಅಥವಾ ಅದಕ್ಕಿಂತ ಕಡಿಮೆ ಬಂದರೆ ಇನ್ನಷ್ಟು ನೋಡಬೇಕು.

ಪದಗಳ ಬಗ್ಗೆ ಒಂದು ಎಚ್ಚರ. ಇಂಗ್ಲಿಷಿನಲ್ಲಿ ನಾಯಿ, ಟೋಪಿ, ಬೀನ್, ಕೆಂಪು. ಬೀನ್‌ಗೆ ಸುಳಿವು 'ತರಕಾರಿ'. ಒಂದು ಕಡೆ ಯಾರೋ ಅದನ್ನು 'ಹುರುಳಿ' ಎಂದು ಅನುವಾದ ಮಾಡಿ ಇಟ್ಟಿದ್ದರು. ಹುರುಳಿ ನಮ್ಮಲ್ಲಿ ಕಾಳು, ತರಕಾರಿಯಲ್ಲ. "ತರಕಾರಿ ಒಂದಿತ್ತಲ್ಲ ಯಜಮಾನ್ರೇ?" ಎಂದರೆ ಅವರು ಬದನೆಕಾಯಿ, ಬೆಂಡೆಕಾಯಿ ಎಂದು ಸಂತೆಯೆಲ್ಲ ಸುತ್ತಿ ಬರುತ್ತಿದ್ದರು. ಅಂಕ ಹೋಗಿದ್ದು ಅವರ ತಪ್ಪಿನಿಂದಲ್ಲ. ನಿಮ್ಮೂರಿನಲ್ಲಿ ಸುಳಿವಿಗೆ ಸರಿಹೊಂದುವ ಪದ ಹಾಕಿ, ಎಲ್ಲರಿಗೂ ಅದನ್ನೇ ಬಳಸಿ.

ಈಗ ಕೊರತೆ. 2005ರ ಅಧ್ಯಯನದಲ್ಲಿ ಇದು ಡಿಮೆನ್ಶಿಯಾ ಇರುವವರಲ್ಲಿ ನೂರಕ್ಕೆ 80 ಜನರನ್ನು ಹಿಡಿಯಿತು. ಇಲ್ಲದವರಲ್ಲಿ 'ತೊಂದರೆ ಇಲ್ಲ' ಎಂದು ಸರಿಯಾಗಿ ಹೇಳಿದ್ದು ಬಾಲ್ಟಿಮೋರ್‌ನಲ್ಲಿ ನೂರಕ್ಕೆ 57, ಕಂಪಾಲಾದಲ್ಲಿ 55 ಜನರಿಗೆ ಮಾತ್ರ. ನಿಮ್ಮ ಸೆಂಟರ್‌ನ 100 ಜನರ ಮೇಲೆ ಲೆಕ್ಕ ಹಾಕಿ ನೋಡಿ. 20 ಜನರಿಗೆ ನಿಜವಾಗಿ ತೊಂದರೆ ಇದೆ ಎಂದುಕೊಳ್ಳೋಣ. ಅವರಲ್ಲಿ 16 ಜನ ಸಿಗುತ್ತಾರೆ, 4 ಜನ ತಪ್ಪಿಸಿಕೊಳ್ಳುತ್ತಾರೆ. ಚೆನ್ನಾಗಿರುವ 80 ಜನರಲ್ಲೂ ಸುಮಾರು 35 ಜನ ಜರಡಿಯಲ್ಲಿ ನಿಲ್ಲುತ್ತಾರೆ. ಅಂದರೆ 51 ಜನರನ್ನು ಮುಂದಕ್ಕೆ ಕಳಿಸಬೇಕು. ಕಳಿಸಲು ಜಾಗ ಇದೆಯಾ? ಸಣ್ಣ ಮಟ್ಟದ ಕುಂದನ್ನು ಹಿಡಿಯುವುದರಲ್ಲಿ ಇದು ಇನ್ನೂ ದುರ್ಬಲ. ಬೆರಳು ಜೋಮು ಹಿಡಿಯುವವರು, ಕೀಲುನೋವಿನವರು, ಕಬ್ಬು ಕಡಿಯುವಾಗ ಬೆರಳು ಕಳೆದುಕೊಂಡವರು ಇವರೆಲ್ಲ ಕೈಯ ಕಾರಣಕ್ಕೇ ಅಂಕ ಕಳೆದುಕೊಳ್ಳುತ್ತಾರೆ. ಅದನ್ನು ಕಾಗದದ ಮೇಲೆ ಬರೆದಿಡಿ.

ಇದಕ್ಕೊಬ್ಬ ಅಣ್ಣ ಇದ್ದಾನೆ, 1995ರ ಎಚ್‌ಐವಿ ಡಿಮೆನ್ಶಿಯಾ ಸ್ಕೇಲ್. 16 ಅಂಕದ್ದು. ಅದರಲ್ಲಿ ಗಡಿಯಾರ ಇಟ್ಟು ಅಕ್ಷರಮಾಲೆ ಬರೆಸುತ್ತಾರೆ. ಇಂಗ್ಲಿಷಿನವರಿಗೆ 26 ಅಕ್ಷರ, ನಮಗೆ 49. ಅದರಲ್ಲೂ 'ಙ', 'ಞ' ಬರೆಯಲು ತಡವರಿಸದವರು ಯಾರು? ನಾನೂ ತಡವರಿಸುತ್ತೇನೆ. ಕನ್ನಡಕ್ಕೆ ಅದು ಹೊಂದದು, ಬಿಟ್ಟುಬಿಡಿ.

ಎಲ್ಲರಿಗೂ ಗೊತ್ತಿರುವ ಎಂಎಂಎಸ್‌ಇ

ಪೂರ್ತಿ ಹೆಸರು ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್. 1975ರ ಟೆಸ್ಟ್, 30 ಅಂಕ. "ಇವತ್ತು ಯಾವ ವಾರ, ನಾವಿರೋದು ಯಾವ ಊರು, ನೂರರಿಂದ ಏಳು ಕಳೆಯುತ್ತಾ ಹೋಗಿ". ಡಾಕ್ಟರ್‌ಗಳಿಗೆ ಇದು ಬಾಯಿಪಾಠ, ಅದೇ ಇದರ ಬಲ. ಆದರೆ ಇದರಲ್ಲಿ ಒಂದೇ ಒಂದು ಪ್ರಶ್ನೆಗೂ ಸಮಯದ ಮಿತಿ ಇಲ್ಲ. ವೇಗವೇ ಕುಂದುವ ತೊಂದರೆಯನ್ನು ವೇಗ ಅಳೆಯದ ಟೆಸ್ಟಿನಿಂದ ಹುಡುಕುವುದೆಂದರೆ ರಾಗಿ ಜರಡಿ ಹಿಡಿಯಲು ಮೀನಿನ ಬಲೆ ತಂದ ಹಾಗೆ. 30ಕ್ಕೆ 29 ಬರುತ್ತದೆ, ಮನುಷ್ಯ ಮಾತ್ರ ಅಂಗಡಿಯಲ್ಲಿ ಲೆಕ್ಕ ತಪ್ಪುತ್ತಲೇ ಇರುತ್ತಾನೆ. ಸಾಲದ್ದಕ್ಕೆ ಹಕ್ಕುಸ್ವಾಮ್ಯದ ಶುಲ್ಕ ಬೇರೆ. ಎಚ್‌ಐವಿಗೆ ನಾನು ಇದನ್ನು ಆರಿಸುವುದಿಲ್ಲ.

ಹತ್ತು ನಿಮಿಷದ ಮೋಕಾ

2005ರಲ್ಲೇ ಬಂದ, ಕೆನಡಾದ ಮಾಂಟ್ರಿಯಲ್ ಹೆಸರಿನ ಟೆಸ್ಟ್. ಇದೂ 30 ಅಂಕದ್ದು. ಎಂಎಂಎಸ್‌ಇಗಿಂತ ಗಟ್ಟಿ. ಅಂಕಿ ಮತ್ತು ಅಕ್ಷರ ಒಂದಾದ ಮೇಲೊಂದು ಜೋಡಿಸುವುದು, ಗಡಿಯಾರ ಬರೆಯುವುದು, ಐದು ಪದ ನೆನಪಿಡುವುದು, ಒಂದು ನಿಮಿಷದಲ್ಲಿ ಆದಷ್ಟು ಪದ ಹೇಳುವುದು. ಯೋಜನೆ ಮಾಡುವ, ಗಮನ ಹೊರಳಿಸುವ ಶಕ್ತಿಯನ್ನು ಇದು ಮುಟ್ಟುತ್ತದೆ. ಕನ್ನಡದ ರೂಪವೂ ಇದೆ. ಡಿಗ್ರಿ ಓದಿದವರಲ್ಲಿ, ಆಫೀಸ್ ಕೆಲಸದವರಲ್ಲಿ ಸಣ್ಣ ಕುಂದು ಹಿಡಿಯಲು ಇದು ಐಎಚ್‌ಡಿಎಸ್‌ಗಿಂತ ಒಳ್ಳೆಯದು ಎಂದು ನನ್ನ ಅನುಭವ.

ಆದರೆ ಶಾಲೆಯ ವಾಸನೆ ಇದಕ್ಕೆ ಜಾಸ್ತಿ. ಮೂಲ ರೂಪದಲ್ಲಿ ಸಿಂಹ, ಒಂಟೆಯ ಜೊತೆ ಖಡ್ಗಮೃಗದ ಚಿತ್ರ ಇದೆ. ಕುರಿ ಕಾಯುತ್ತಿದ್ದ ಅಜ್ಜನೊಬ್ಬರು ಅದನ್ನು ನೋಡಿ "ಇದ್ಯಾವ ಎಮ್ಮಿ?" ಎಂದರು. 26ಕ್ಕಿಂತ ಕಡಿಮೆ ಬಂದರೆ ಸಂಶಯ ಎಂಬುದು ನಿಯಮ. ಓದಿದ್ದು 12 ವರ್ಷ ಅಥವಾ ಕಡಿಮೆ ಇದ್ದರೆ 1 ಅಂಕ ಸೇರಿಸುತ್ತಾರೆ. ನಾಲ್ಕನೇ ಕ್ಲಾಸಿಗೆ ಬಿಟ್ಟವರಿಗೂ ಪಿಯುಸಿ ಮುಗಿಸಿದವರಿಗೂ ಅದೇ ಒಂದು ಅಂಕ! ಕಡಿಮೆ ಓದಿದವರಿಗೆಂದೇ 'ಮೋಕಾ ಬೇಸಿಕ್' ಎಂಬ ಬೇರೆ ರೂಪ ಇದೆ, ಅಂಥ ಕಡೆ ಅದನ್ನೇ ಹುಡುಕಿ. 2019ರಿಂದ ತರಬೇತಿ ಪಡೆದು ಸರ್ಟಿಫಿಕೇಟ್ ತೆಗೆದುಕೊಂಡವರೇ ಮಾಡಬೇಕೆಂದು ಇದರ ಒಡೆಯರು ನಿಯಮ ತಂದರು, ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೋಕಾದ ಆಚೆ, ಐಸಿಎಂಆರ್ ಮಾಡಿಸಿರುವ ಒಂದು ಟೂಲ್‌ಬಾಕ್ಸ್ ಕನ್ನಡ, ತೆಲುಗು, ಮಲಯಾಳಂ, ಹಿಂದಿ, ಬಂಗಾಳಿ ಐದು ಭಾಷೆಗಳಲ್ಲಿದೆ. ವಯಸ್ಸಾದವರ ಮರೆವಿಗೆಂದು ಮಾಡಿದ್ದು. ಕ್ಲಿನಿಕಲ್ ಸೈಕಾಲಜಿಸ್ಟ್ ಇರುವ ಆಸ್ಪತ್ರೆಯಾದರೆ ಕೇಳಿ ನೋಡಿ. ಟ್ಯಾಬ್ಲೆಟ್, ಕಂಪ್ಯೂಟರಿನ ಟೆಸ್ಟ್‌ಗಳೂ ಇವೆ. ಮಿಲಿಸೆಕೆಂಡ್ ಲೆಕ್ಕದಲ್ಲಿ ವೇಗ ಅಳೆಯುತ್ತವೆ, ಅದು ದೊಡ್ಡ ಲಾಭ. ಸ್ಕ್ರೀನ್ ಮುಟ್ಟಿ ಅಭ್ಯಾಸ ಇಲ್ಲದವರಿಗೆ ಅದೇ ದೊಡ್ಡ ನಷ್ಟ. ಫೋನಿನಲ್ಲಿ ಸಿಗುವ "ಮೆದುಳಿನ ವಯಸ್ಸು ತಿಳಿಯಿರಿ" ಆಟಗಳನ್ನು ಇವುಗಳ ಜೊತೆ ಸೇರಿಸಬೇಡಿ.

ಮೂರು ತಾಸಿನ ಪೂರ್ತಿ ಪರೀಕ್ಷೆ

ಇದು ಜರಡಿಯಲ್ಲ, ತಕ್ಕಡಿ. ಕ್ಲಿನಿಕಲ್ ಸೈಕಾಲಜಿಸ್ಟ್ ಕೂತು ಗಮನ, ವೇಗ, ಕಲಿಕೆ, ನೆನಪು, ಯೋಜನೆ, ಭಾಷೆ, ಕೈ ಚಳಕ ಎಲ್ಲವನ್ನೂ ಬೇರೆ ಬೇರೆಯಾಗಿ ತೂಗುತ್ತಾರೆ. ಕೆಲವೊಮ್ಮೆ ಎರಡು ದಿನಕ್ಕೆ ಹಂಚುತ್ತಾರೆ. ನಮ್ಮ ಪುಣ್ಯ, ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲೇ ಇಂಥದೊಂದು ಪರೀಕ್ಷೆಗಳ ಗುಚ್ಛ ಮಾಡಿ, ವಯಸ್ಸು, ಓದು, ಹೆಣ್ಣು ಗಂಡು ನೋಡಿ ನಮ್ಮ ಜನರ ಅಂಕಗಳನ್ನೇ ಅಳತೆಗೋಲಾಗಿ ಇಟ್ಟಿದೆ. ಶಾಲೆಗೆ ಹೋಗದ 50ರ ಹೆಂಗಸನ್ನು ಶಾಲೆಗೆ ಹೋಗದ 50ರ ಹೆಂಗಸರ ಜೊತೆಗೇ ಹೋಲಿಸಿದರೆ ನ್ಯಾಯ, ಅಲ್ವಾ? ಅದರಲ್ಲಿರುವ ಬಣ್ಣದ ಹಾದಿ ಪರೀಕ್ಷೆಯಲ್ಲಿ ಅಕ್ಷರದ ಬದಲು ಬಣ್ಣ ಇರುತ್ತದೆ. ಭಾಷೆಯ ಗೋಡೆ ದಾಟಲೆಂದೇ ವಿಶ್ವ ಆರೋಗ್ಯ ಸಂಸ್ಥೆಯ ಎಚ್‌ಐವಿ ಅಧ್ಯಯನಕ್ಕೆ ರೂಪಿಸಿದ್ದು ಅದು.

ಕೊಡಬೇಕಾದ ಬೆಲೆ ಫೀಸಿನದ್ದಷ್ಟೇ ಅಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ಬರುವ ರಾತ್ರಿ ಬಸ್ಸು, ಎರಡು ದಿನದ ಕೂಲಿ, "ಯಾಕೆ ಹೋಗ್ತಿದೀಯ?" ಎಂಬ ಮನೆಯವರ ಪ್ರಶ್ನೆ. ಅದಕ್ಕೆಲ್ಲ ತಯಾರಿದ್ದರೆ ಮಾತ್ರ.

ಇಲ್ಲಿ ಇನ್ನೊಂದು ಸಿಕ್ಕು ಇದೆ. 2007ರ ಫ್ರಾಸ್ಕಾಟಿ ಮಾನದಂಡದ ಪ್ರಕಾರ ಎರಡು ವಿಭಾಗಗಳಲ್ಲಿ ಅಂಕ ಸ್ವಲ್ಪ ಕೆಳಗಿದ್ದರೆ, ಬದುಕಿನಲ್ಲಿ ಯಾವ ತೊಂದರೆ ಇಲ್ಲದಿದ್ದರೂ, 'ಲಕ್ಷಣವಿಲ್ಲದ ಕುಂದು' ಎಂದು ಹೆಸರು ಬೀಳುತ್ತದೆ. ಆ ಗೆರೆ ಎಷ್ಟು ಸಡಿಲ ಅಂದರೆ, ಎಚ್‌ಐವಿ ಇಲ್ಲದ ಆರೋಗ್ಯವಂತರಲ್ಲೂ ಸುಮಾರು ಐದರಲ್ಲಿ ಒಬ್ಬರು ಅದರೊಳಗೆ ಬೀಳುತ್ತಾರೆ ಎಂದು ಟೀಕೆ ಬಂತು. 2023ರಲ್ಲಿ ಅಂತಾರಾಷ್ಟ್ರೀಯ ತಜ್ಞರ ಒಂದು ಗುಂಪು, ಬರೀ ಅಂಕ ಕಡಿಮೆ ಬಂತೆಂದು ರೋಗಿ ಎನ್ನಬೇಡಿ, ಲಕ್ಷಣ, ಹಿನ್ನೆಲೆ, ಬೇರೆ ಕಾರಣ ಎಲ್ಲ ಸೇರಿಸಿ ನೋಡಿ ಎಂದಿತು. ನನಗೆ ಸಮಾಧಾನವಾಯಿತು. ಚೆನ್ನಾಗಿ ಬದುಕುತ್ತಿದ್ದವರ ಕೈಗೆ ಒಂದು ಹೊಸ ಕಾಯಿಲೆಯ ಹೆಸರು ಕೊಟ್ಟು ಕಳಿಸುವುದನ್ನು ನೋಡಿ ಬೇಸತ್ತಿದ್ದೆ.

ಬದುಕನ್ನು ಕೇಳುವುದು, ಮತ್ತು ಗುಟ್ಟು

ಹಾಗಾದರೆ ದಿನದ ಬದುಕನ್ನು ಅಳೆಯುವುದು ಹೇಗೆ? ದುಡ್ಡಿನ ವ್ಯವಹಾರ, ಅಡುಗೆ, ಫೋನು, ಪ್ರಯಾಣ, ಮಾತ್ರೆ ತೆಗೆದುಕೊಳ್ಳುವುದು ಇವನ್ನು ಕೇಳುವ ಪಟ್ಟಿಗಳಿವೆ. ಸಾಮಾನ್ಯ ಮರೆವಿನ ಕ್ಲಿನಿಕ್‌ನಲ್ಲಿ ಇದನ್ನು ಮನೆಯವರ ಹತ್ತಿರ ಕೇಳುತ್ತಾರೆ. ನಮ್ಮಲ್ಲಿ ಹಾಗೆ ಮಾಡುವ ಮೊದಲು ನೂರು ಸಲ ಯೋಚಿಸಿ. 2017ರ ಎಚ್‌ಐವಿ ಏಡ್ಸ್ ಕಾಯ್ದೆ ಪ್ರಕಾರ ಒಪ್ಪಿಗೆ ಇಲ್ಲದೆ ಒಬ್ಬರ ಸ್ಥಿತಿಯನ್ನು ಹೊರಗೆ ಹೇಳುವ ಹಾಗಿಲ್ಲ. ಒಮ್ಮೆ ಒಂದು ಆಸ್ಪತ್ರೆಯಲ್ಲಿ ಮರೆವಿನ ಫಾರ್ಮ್ ತುಂಬಲು ಮಗಳನ್ನು ಒಳಗೆ ಕರೆದರು. ಫಾರ್ಮಿನ ತಲೆಬರಹದಲ್ಲೇ ಎಚ್‌ಐವಿ ಎಂದು ದಪ್ಪ ಅಕ್ಷರದಲ್ಲಿತ್ತು. ಆ ತಾಯಿ ಮತ್ತೆ ಆ ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ.

ಇದಕ್ಕೆ ನನ್ನ ಹತ್ತಿರ ಒಂದು ಸುಲಭ ಉಪಾಯ ಇದೆ. ಮನೆಯವರನ್ನು ಬಿಟ್ಟು ಮಾತ್ರೆಯ ಡಬ್ಬಿಯನ್ನೇ ಸಾಕ್ಷಿ ಕೇಳಿ. ಉಳಿದ ಮಾತ್ರೆ ಎಣಿಸಿ. ಬರಬೇಕಿದ್ದ ದಿನಕ್ಕೂ ಬಂದ ದಿನಕ್ಕೂ ಎಷ್ಟು ಅಂತರ ನೋಡಿ. ಎರಡು ವರ್ಷ ತಪ್ಪದೆ ಬಂದವರು ಈಗ ಮೂರು ಸಲ ತಪ್ಪಿದ್ದರೆ ಅದು ಯಾವ ಅಂಕಕ್ಕಿಂತಲೂ ದೊಡ್ಡ ಸುದ್ದಿ.

ಹಾಗಾದರೆ ಯಾರಿಗೆ ಯಾವುದು?

ಒಬ್ಬರೇ ಕೌನ್ಸೆಲರ್ ಇರುವ ಸೆಂಟರ್‌ನಲ್ಲಿ ಎಲ್ಲರಿಗೂ ಟೆಸ್ಟ್ ಮಾಡಲು ಹೋಗಬೇಡಿ. ಮೂರು ಪ್ರಶ್ನೆ ಎಲ್ಲರಿಗೂ, ಮಾತಿನ ನಡುವೆಯೇ. ಅದರಲ್ಲಿ ಹೌದು ಎಂದವರಿಗೆ, ಮಾತ್ರೆ ತಪ್ಪಿಸುತ್ತಿರುವವರಿಗೆ, ಹಿಂದೆ ಸಿಡಿ4 ತೀರಾ ಕೆಳಗಿಳಿದಿದ್ದವರಿಗೆ, 50 ದಾಟಿದವರಿಗೆ ಮಾತ್ರ ಐಎಚ್‌ಡಿಎಸ್. ಆಗ 51 ಜನರನ್ನು ಎಲ್ಲಿಗೆ ಕಳಿಸುವುದು ಎಂಬ ತಲೆನೋವು ಅರ್ಧವಾಗುತ್ತದೆ. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದವರ ಜೊತೆ ಮೊದಲೇ ಮಾತಾಡಿಟ್ಟುಕೊಳ್ಳಿ. ಪಾಸಿಟಿವ್ ನೆಟ್‌ವರ್ಕ್ (ಎಚ್‌ಐವಿ ಇರುವವರದೇ ಸಂಘ), ಎನ್‌ಜಿಒಗಳ ಕಾರ್ಯಕರ್ತರು ಮೂರು ಪ್ರಶ್ನೆಗೇ ನಿಲ್ಲಿಸಿದರೆ ಒಳ್ಳೆಯದು, ಅಂಕ ಕೊಡುವ ಕೆಲಸ ಅವರದ್ದಲ್ಲ.

ಓದಿದವರು, ಲೆಕ್ಕ ಪತ್ರದ ಕೆಲಸದವರು ಆದರೆ ಮೋಕಾ. ಬಸ್ ಡ್ರೈವರ್, ಕ್ರೇನ್ ನಡೆಸುವವರು, ಅಂದರೆ ನಿಧಾನವಾದರೆ ಜೀವಕ್ಕೇ ಕುತ್ತು ಎಂಬ ಕೆಲಸದವರಿಗೆ ದೂರು ಇದ್ದರೆ ನೇರ ಪೂರ್ತಿ ಪರೀಕ್ಷೆ. ಅಲ್ಲಿ ಜರಡಿಯನ್ನು ನಂಬಬಾರದು. ಆ ರಿಪೋರ್ಟ್ ಅವರ ಕೈಗೆ ಮಾತ್ರ, ಕೆಲಸ ಕೊಟ್ಟವರ ಕೈಗಲ್ಲ.

ಅಂಕ ಕಡಿಮೆ ಬಂದರೂ ಮೊದಲು ಮೆದುಳಿನ ಮೇಲೆ ತಪ್ಪು ಹೊರಿಸಬೇಡಿ. ಬಿ12, ಥೈರಾಯ್ಡ್, ಸಿಫಿಲಿಸ್ ರಕ್ತಪರೀಕ್ಷೆ ಮಾಡಿಸಲು ಡಾಕ್ಟರ್‌ಗೆ ಹೇಳಿ. ಕುಡಿತ, ನಿದ್ದೆ ಕೇಳಿ. ಹಳೆಯ ಎಫಾವಿರೆಂಜ್ ಮಾತ್ರೆ ಇನ್ನೂ ನಡೆಯುತ್ತಿದ್ದರೆ ತಲೆ ಸುತ್ತು, ವಿಚಿತ್ರ ಕನಸು, ಮಂಕು ಅದರಿಂದಲೂ ಆಗಬಹುದು. ಡೋಲುಟೆಗ್ರಾವಿರ್ ಎಂಬ ಇನ್ನೊಂದು ಎಚ್‌ಐವಿ ಮಾತ್ರೆ ಕೆಲವರ ನಿದ್ದೆ ಕೆಡಿಸುತ್ತದೆ. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಡಾಕ್ಟರ್ ಬದಲಿಸಲಿ. ಮನಸ್ಸು ಕುಗ್ಗಿದೆಯಾ ಎಂದು ತಿಳಿಯಲು ಒಂಬತ್ತು ಪ್ರಶ್ನೆಯ ಪಿಎಚ್‌ಕ್ಯೂ-9 ಅನ್ನು ಮರೆವಿನ ಟೆಸ್ಟಿನ ಜೊತೆಗೇ ಮಾಡಿ. ನನ್ನ ಮುಂದೆ ಕೂತು "ಮರೆವು" ಎಂದು ಶುರು ಮಾಡಿದ ಎಷ್ಟೋ ಮಾತು ದುಃಖದಲ್ಲಿ ಮುಗಿದಿದೆ. ಅಂಥವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ನಂಬರ್ ಬರೆದುಕೊಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಎಲ್ಲ ಸರಿಯಿದ್ದು, ರಕ್ತದಲ್ಲಿ ವೈರಸ್ ಕಾಣದೆ, ಆದರೂ ವಾರದಿಂದ ವಾರಕ್ಕೆ ಮಂಕು ಹೆಚ್ಚಾಗುತ್ತಿದ್ದರೆ ನರರೋಗ ತಜ್ಞರೇ ಬೇಕು. ಅಪರೂಪಕ್ಕೆ ವೈರಸ್ ರಕ್ತದಲ್ಲಿ ತೆಪ್ಪಗಿದ್ದು ಬೆನ್ನುಹುರಿಯ ನೀರಿನಲ್ಲಿ ಏಳುತ್ತದೆ. ಅದನ್ನು ಯಾವ ಕಾಗದದ ಟೆಸ್ಟೂ ಹೇಳದು.

ಇನ್ನು ಅಂಗಡಿಯಣ್ಣ, ನಿಮಗೆ. ನೀವು ಎಸ್‌ಎಸ್‌ಎಲ್‌ಸಿ ಓದಿದ್ದೀರಿ, ಮಾತ್ರೆ ತಪ್ಪಿಸಿಲ್ಲ, ತೊಂದರೆ ಇರುವುದು ಲೆಕ್ಕದಲ್ಲಿ. ನಿಮಗೆ ಐಎಚ್‌ಡಿಎಸ್ ಒಂದೇ ಸಾಲದು, ಮೋಕಾ ಮಾಡಿಸಿ, ಅದೇ ದಿನ ಪಿಎಚ್‌ಕ್ಯೂ-9. ಕಡಿಮೆ ಬಂದರೆ ರಕ್ತಪರೀಕ್ಷೆಗಳು, ಆರು ತಿಂಗಳು ಬಿಟ್ಟು ಮತ್ತೊಮ್ಮೆ. ಆಗಲೂ ಇಳಿದಿದ್ದರೆ ನಿಮ್ಹಾನ್ಸ್ ದಾರಿ. ಆರು ತಿಂಗಳಿಗಿಂತ ಮೊದಲೇ ಮೋಕಾ ಮತ್ತೆ ಮಾಡಿಸಬೇಡಿ, ಪ್ರಶ್ನೆ ನೆನಪಿದ್ದು ಅಂಕ ಸುಳ್ಳೇ ಏರುತ್ತದೆ. ಟೆಸ್ಟಿಗೆ ಹೋಗುವ ಮೊದಲು ಒಂದು ತಿಂಗಳು, ಎಲ್ಲಿ ಲೆಕ್ಕ ತಪ್ಪಿತು, ಎಷ್ಟು ಹೊತ್ತಿಗೆ, ಹಿಂದಿನ ರಾತ್ರಿ ನಿದ್ದೆ ಎಷ್ಟು ಎಂದು ಅಂಗಡಿಯ ಹಳೆ ಡೈರಿಯಲ್ಲಿ ಬರೆದಿಡಿ. ಟೆಸ್ಟಿನ ದಿನ ತಿಂಡಿ ತಿಂದು ಹೋಗಿ. ಕ್ಯೂನಲ್ಲಿ ನಿಂತೇ ಮಾಡುತ್ತೇವೆ ಎಂದರೆ ಒಪ್ಪಬೇಡಿ, ಬಾಗಿಲು ಹಾಕಿದ ಕೋಣೆ ಕೇಳಿ. ಕನ್ನಡಕ ಜೇಬಿನಲ್ಲಿದೆಯಾ ನೋಡಿಕೊಳ್ಳಿ. ಅದನ್ನು ಮನೆಯಲ್ಲೇ ಬಿಟ್ಟು ಬಂದು ನಾಲ್ಕು ಅಂಕ ಕಳೆದುಕೊಂಡವರನ್ನು ನಾನೇ ನೋಡಿದ್ದೇನೆ.